ಕ್ಲಿಪ್ಪಿಲ್ಲದ ಚೀಲ

ಮೇ 9

ತಂಗಿಗೆ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಪೊಟ್ಟಣದಲ್ಲಿರುವುದು ನಮ್ಮ ಹಿತ್ತಲಿನ ಮಣ್ಣು. ನಿಮ್ಮ ಪ್ರಯೋಗಾಲಯಕ್ಕೆ ಯಾರು ಬೇಕಾದರೂ ಮಣ್ಣು ಕಳಿಸಬಹುದು ಅಂತ ಪೇಪರಿನಲ್ಲಿ ಓದಿದೆ. ಯಾರು ಬೇಕಾದರೂ ಅಂದಮೇಲೆ ನಾನೂ ಕಳಿಸಬಹುದಲ್ಲ.

ದೈತ್ಯ ಕುಂಬಳ ಬೆಳೆಸುವ ಹುಚ್ಚು ನನಗಿನ್ನೂ ಬಿಟ್ಟಿಲ್ಲ. ಹೋದ ಸಲದ ಸ್ಪರ್ಧೆಯಲ್ಲಿ ನನ್ನದು ಇನ್ನೂರ ಹದಿನೆಂಟು ಕಿಲೋ ತೂಗಿತು. ಬೇಲಿಯಾಚೆಯ ಮನೆಯ ಗಡಿಯಾರದಂಗಡಿಯವರದು ಇನ್ನೂರ ಇಪ್ಪತ್ತೊಂದು. ಮೂರು ಕಿಲೋ! ನಮ್ಮ ವಾರ್ಡಿನಲ್ಲಿ ಹುಟ್ಟುವ ಮಕ್ಕಳು ಅಷ್ಟು ತೂಗುತ್ತವೆ. ಒಂದು ಕೂಸಿನಷ್ಟು ತೂಕಕ್ಕೆ ಸೋತೆ.

ಒಂದೇ ಹಣ್ಣಿನ ಬೀಜವನ್ನು ನಾವಿಬ್ಬರೂ ಒಂಬತ್ತು ವರ್ಷದಿಂದ ಹಂಚಿಕೊಂಡು ಬಿತ್ತುತ್ತಿದ್ದೇವೆ. "ಈ ಸಲ ನಿಮ್ಮದೇ ಸಿಸ್ಟರ್" ಅಂತ ಬೇಲಿ ಮೇಲಿಂದ ನಗುತ್ತಾರೆ. ಗೆದ್ದವರು ಹಾಗೆ ನಗುವುದು ನನಗೆ ಹಿಡಿಸುವುದಿಲ್ಲ.

ಏನು ಹಾಕಬೇಕು, ಎಷ್ಟು ಹಾಕಬೇಕು, ಬರೆದು ಕಳಿಸು. ಬೇರೇನೂ ಬರೆಯಬೇಕಾಗಿಲ್ಲ.

ಇತಿ,
ಅಕ್ಕ


ಮೇ 21

ಅಕ್ಕ,

ಮಣ್ಣು ತಲುಪಿತು. ಪೊಟ್ಟಣವನ್ನು ಬೇರೆಯವರ ಮೇಜಿಗೆ ದಾಟಿಸಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ದಾಟಿಸಲಿಲ್ಲ. ಪರೀಕ್ಷೆ ನಾನೇ ಮಾಡಿದೆ.

ನಿನ್ನ ಮಣ್ಣು ಚೆನ್ನಾಗಿದೆ. ರಂಜಕ ಬೇಕಾದಷ್ಟಿದೆ, ಇನ್ನು ಹಾಕಬೇಡ. ಪೊಟ್ಯಾಶ್ ಮತ್ತು ಕ್ಯಾಲ್ಸಿಯಂ ತುಸು ಕಡಿಮೆ. ಸಾರಜನಕ ಈಗ ಸಾಕು, ಬಳ್ಳಿ ಹಬ್ಬುವಾಗ ಸ್ವಲ್ಪ ಬೇಕಾಗುತ್ತದೆ. ಬೋರಾನ್ ಸರಿಯಾಗಿದೆ, ಅಂಗಡಿಯವರು ಏನೇ ಹೇಳಿದರೂ ಅದನ್ನು ಮುಟ್ಟಬೇಡ. ಅದರಲ್ಲಿ ಬೇಕಾದಷ್ಟಕ್ಕೂ ವಿಷಕ್ಕೂ ನಡುವೆ ಇರುವ ಜಾಗ ಬಹಳ ಚಿಕ್ಕದು.

ಯಾವ ಚೀಲದಿಂದ ಎಷ್ಟು ಎಂಬ ಪಟ್ಟಿ ಜೊತೆಗಿದೆ. ನೀನು ಪೊಟ್ಟಣದಲ್ಲಿಟ್ಟಿದ್ದ ಹಳೆಯ ಪಟ್ಟಿಗಿಂತ ಹೆಚ್ಚು ಬೇರೆಯಲ್ಲ. ಮೂರು ಚೀಲ, ಮೂರು ಬೇರೆ ದಿನ, ಪ್ರತಿಯೊಂದೂ ವಾರಕ್ಕೆ ಒಂದೇ ಸಲ. ಮೊದಲು ನೀರು ಹಾಯಿಸಿ ಮಣ್ಣು ಒದ್ದೆಯಾದ ಮೇಲೆ, ಬುಡದಿಂದ ಎರಡು ಗೇಣು ದೂರ. ಕಾಯಿ ದೊಡ್ಡದಾಗಲಿ ಎಂಬ ಆಸೆಗೆ ಹೆಚ್ಚು ಹಾಕಬೇಡ. ಮಣ್ಣಿಗೆ ಹಾಕುವುದು ಸುಲಭ, ಹಾಕಿದ್ದನ್ನು ತೆಗೆಯುವುದು ಕಷ್ಟ.

ಹಾಕಿದ ಪ್ರತಿ ಸಲ ಗುರುತು ಇಟ್ಟುಕೋ. ಇದನ್ನು ನಿನಗೆ ಹೇಳುವವಳು ನಾನಲ್ಲ. ಆದರೂ ಎಲ್ಲರಿಗೂ ಬರೆಯುವ ಸಾಲು ಅದು, ಬರೆದಿದ್ದೇನೆ.

ಇತಿ,
ನಿನ್ನ ತಂಗಿ


ಜುಲೈ 14

ತಂಗಿಗೆ,

ಗುರುತು ಇಟ್ಟುಕೋ ಅಂತ ನನಗೆ ಹೇಳುತ್ತೀಯಾ! ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ಏನು ಮಾಡಿದ್ದೀನಿ ಅಂದುಕೊಂಡೆ? ಬೆಳಗಿನ ಪಾಳಿ, ರಾತ್ರಿ ಪಾಳಿ ಅಂತ ತಿರುಗುವವಳಿಗೆ ಇವತ್ತು ಯಾವ ವಾರ ಅನ್ನುವುದೇ ಮರೆತಿರುತ್ತದೆ. ಅದಕ್ಕೇ ನನ್ನ ನೆನಪನ್ನು ನಾನು ಯಾವತ್ತೂ ನಂಬುವುದಿಲ್ಲ. ಸಹಿ ಇದ್ದರೆ ಔಷಧಿ ಕೊಟ್ಟಾಗಿದೆ, ಸಹಿ ಇಲ್ಲದಿದ್ದರೆ ಕೊಟ್ಟಿಲ್ಲ. ಹಿತ್ತಲಲ್ಲೂ ಅದೇ. ಮಣ್ಣುಕೈಯಲ್ಲಿ ಪೆನ್ನು ಹಿಡಿಯಲಾಗದು, ಹಾಗಾಗಿ ಗೊಬ್ಬರ ಹಾಕಿದ ಕೂಡಲೇ ಆ ಚೀಲದ ಬಾಯಿ ಮಡಚಿ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತೇನೆ. ಕ್ಲಿಪ್ಪು ಇದ್ದರೆ ಈ ವಾರದ್ದು ಆಯಿತು. ಇಲ್ಲದಿದ್ದರೆ ಆಗಿಲ್ಲ. ಭಾನುವಾರ ಎಲ್ಲ ಬಿಚ್ಚಿ ಹೊಸ ವಾರ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಬಳ್ಳಿಗೆ ಯಾರೋ ಏನೋ ಹಾಕುತ್ತಿದ್ದಾರೆ.

ಎಲೆಗಳ ಅಂಚು ಕಬ್ಬಿಣ ಕಾಯಿಸಿ ಇಟ್ಟ ಹಾಗೆ ಸುಟ್ಟಿದೆ. ಮಣ್ಣಿನ ಮೇಲೆ ಬಿಳಿ ಪದರ. ಕಾಯಿ ಎರಡು ವಾರದಿಂದ ಹೆಚ್ಚುಕಮ್ಮಿ ನಿಂತೇ ಹೋಗಿದೆ. ಗಡಿಯಾರದವರ ಬಳ್ಳಿ ಮಾತ್ರ ಛತ್ರಿ ಬಿಚ್ಚಿದ ಹಾಗೆ ಹಬ್ಬಿದೆ. ಮೊನ್ನೆ ಬೇಲಿ ಮೇಲೆ ಕತ್ತು ಚಾಚಿ, "ಏನ್ ಸಿಸ್ಟರ್, ಎಲೆ ಯಾಕೋ ಸೊರಗಿದ ಹಾಗಿದೆ?" ಅಂದರು. ನನ್ನ ಹಿತ್ತಲಿನ ಮೂಲೆಯ ಎಲೆ ಅವರ ಕಣ್ಣಿಗೆ ಹೇಗೆ ಬಿತ್ತು? ನಾನು, "ನಿಮ್ಮ ಕಣ್ಣು ಬಿದ್ದಿದ್ದಕ್ಕೇ ಇರಬೇಕು" ಅಂದೆ. ನಕ್ಕರು. ತಪ್ಪು ಮಾಡದವನಾಗಿದ್ದರೆ ಸಿಟ್ಟು ಮಾಡಿಕೊಳ್ಳುತ್ತಿದ್ದ.

ಬೇಲಿ ಬುಡದಲ್ಲಿ ಬಿಳಿ ಪುಡಿ ಚೆಲ್ಲಿತ್ತು. ಹೊಸ ಮಣ್ಣಿನ ಜೊತೆ ಅದನ್ನೂ ಬೇರೆ ಕಾಗದದಲ್ಲಿ ಕಟ್ಟಿ ಕಳಿಸಿದ್ದೇನೆ. ಅದು ಉಪ್ಪೇ. ನೀನು ನಿಮ್ಮ ಮುದ್ರೆ ಒತ್ತಿ ಒಂದು ಕಾಗದ ಕಳಿಸು, ಹೊರಗಿನವರು ಹಾಕಿದ್ದು ಅಂತ. ಆಗಸ್ಟ್ ಹತ್ತರೊಳಗೆ ಸ್ಪರ್ಧೆಯ ಕಾರ್ಯದರ್ಶಿಗೆ ದೂರು ಕೊಡಬೇಕು. ಸಾಬೀತಾದರೆ ಆ ಮನುಷ್ಯ ಇನ್ನು ಜನ್ಮದಲ್ಲಿ ತಕ್ಕಡಿಗೆ ಕಾಯಿ ಹತ್ತಿಸುವ ಹಾಗಿಲ್ಲ.

ಅಕ್ಕ


ಜುಲೈ 23

ಅಕ್ಕ,

ಮೊದಲು ಮಾಡಬೇಕಾದ್ದು: ಇವತ್ತಿನಿಂದ ಎಲ್ಲ ಗೊಬ್ಬರ ನಿಲ್ಲಿಸು. ಒಂದು ಹಿಡಿಯೂ ಬೇಡ. ಮಣ್ಣಿನಲ್ಲಿ ಲವಣಾಂಶ ಮೇ ತಿಂಗಳಿನದಕ್ಕಿಂತ ಮೂರು ಪಟ್ಟಾಗಿದೆ, ಬೇರು ನೀರೆಳೆಯಲಾರದೆ ಒದ್ದಾಡುತ್ತಿದೆ. ದಿನ ಬಿಟ್ಟು ದಿನ, ಸಣ್ಣ ಧಾರೆಯಲ್ಲಿ, ತಳಕ್ಕೆ ಇಳಿಯುವಷ್ಟು ಹೊತ್ತು ನೀರು ಬಿಡು. ಒಮ್ಮೆಲೇ ಬಿಟ್ಟರೆ ಬಾಯಾರಿದ ಬಳ್ಳಿ ಗಟಗಟ ಕುಡಿದು ಕಾಯಿ ಬಿರಿಯುತ್ತದೆ. ಇದರ ಜೊತೆಗೆ ಬೇರೆ ಯಾವ ಮದ್ದನ್ನೂ ಪ್ರಯೋಗಿಸಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ. ಹತ್ತು ದಿನ ಬಿಟ್ಟು ಮತ್ತೆ ಮಣ್ಣು ಕಳಿಸು.

ಈಗ ಪುಡಿ. ಆಮ್ಲದ ಹನಿ ಬಿದ್ದಾಗ ನೊರೆಯೆದ್ದಿತು, ಭೂತಗನ್ನಡಿಯಲ್ಲಿ ತೆಳುವಾದ ಪೊರೆ ಕಂಡಿತು. ಅದು ಮೊಟ್ಟೆಚಿಪ್ಪು. ಬಸವನಹುಳು ಬರದಿರಲೆಂದು ಅವರು ತಮ್ಮ ಕಡೆ ಚೆಲ್ಲಿರಬೇಕು.

ಉಪ್ಪು ಸುರಿದಿದ್ದರೆ ಮಣ್ಣಿನಲ್ಲಿ ಸೋಡಿಯಂ ಏರಬೇಕಿತ್ತು. ಅದು ಮೇ ತಿಂಗಳಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಏರಿರುವುದು ಪೊಟ್ಯಾಶ್, ಕ್ಯಾಲ್ಸಿಯಂ, ಸಾರಜನಕ. ಅದೂ ಹೇಗೆಂದರೆ ಹಾಗಲ್ಲ. ನಾನು ಬರೆದ ಪಟ್ಟಿಯಲ್ಲಿ ಅವುಗಳ ನಡುವೆ ಯಾವ ಪ್ರಮಾಣವಿತ್ತೋ ಅದೇ ಪ್ರಮಾಣದಲ್ಲಿ, ಪಟ್ಟಿಯಲ್ಲಿ ಹೇಳಿದ್ದರ ಸುಮಾರು ಎರಡರಷ್ಟು. ಬಳ್ಳಿಗೆ ಕೇಡು ಬಯಸುವವನು ಅಳೆದು ಹಾಕುತ್ತಾನೆಯೇ?

ಇದರಾಚೆ ಒಂದು ಪ್ರಶ್ನೆ ಇದೆ. ಅದನ್ನು ಬರೆದು, ಹೊಡೆದುಹಾಕಿದ್ದೇನೆ. ನಿನ್ನನ್ನು ಅಂಥ ಪ್ರಶ್ನೆ ಕೇಳುವ ಹಕ್ಕು ನನಗಿದೆಯೇ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ನಿನ್ನ ತಂಗಿ


ಜುಲೈ 28

ತಂಗಿಗೆ,

ನೀನು ಹೊಡೆದುಹಾಕಿದ ಪ್ರಶ್ನೆ ನನಗೆ ಕಾಗದದ ಹಿಂಬದಿಯಿಂದಲೇ ಓದಲು ಬಂತು. ಅಮ್ಮನ ಹೊತ್ತಿನಲ್ಲೂ ಅದೇ ಪ್ರಶ್ನೆ. ಕುಂಬಳಕಾಯಿ ಹೊತ್ತಿನಲ್ಲೂ ಅದೇ. ನಾಲಿಗೆಯಲ್ಲಿ ಕೇಳಿದ್ದನ್ನು ಈಗ ಪೆನ್ನಿನಲ್ಲಿ ಕೇಳಿದೀಯ, ಅಷ್ಟೇ ವ್ಯತ್ಯಾಸ.

ಇಲ್ಲ. ನಾನು ಎರಡೆರಡು ಸಲ ಹಾಕಿಲ್ಲ. ಕ್ಲಿಪ್ಪು ಸುಳ್ಳು ಹೇಳುವುದಿಲ್ಲ.

ಇನ್ನು ನಿನ್ನ ಪ್ರಮಾಣದ ಮಾತು. ಅಳೆದು ಹಾಕಿದ್ದಾರೆ ಅಂದೆಯಲ್ಲ, ಕೇಳಿಸಿಕೋ. ನನ್ನ ಹಳೆಯ ಪಟ್ಟಿ ಇಡೀ ಊರಿನಲ್ಲಿ ಇನ್ನೊಬ್ಬರ ಹತ್ತಿರ ಇದೆ. ಯಾರ ಹತ್ತಿರ? ಗಡಿಯಾರದವರ ಹತ್ತಿರ! ಎರಡು ವರ್ಷದ ಹಿಂದೆ ನಾನೇ ನಕಲು ಮಾಡಿ ಕೊಟ್ಟಿದ್ದೆ. ಕೂದಲೆಳೆಯಷ್ಟು ಸ್ಪ್ರಿಂಗು ಕೂರಿಸುವ ಕೈ ಅದು, ಅಳೆಯದೆ ಏನನ್ನೂ ಹಾಕುವುದಿಲ್ಲ. ಉಪ್ಪು ಹಾಕಿದರೆ ಅವರು ಸಿಕ್ಕಿಬೀಳುತ್ತಾರೆ, ನನ್ನ ಗೊಬ್ಬರವನ್ನೇ ಹಾಕಿದರೆ ತಪ್ಪು ನನ್ನ ತಲೆಗೇ ಬರುತ್ತದೆ. ಎಂಥ ಬುದ್ಧಿ ನೋಡು.

ನಿನ್ನ ಭಾವನಿಗೆ ಹೇಳಿದರೆ, "ಪಾಪ ಬಿಡೇ, ಒಳ್ಳೆ ಮನುಷ್ಯ" ಅನ್ನುತ್ತಾರೆ. ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಹತ್ತಿದವರಿಗೂ ಹಾಗೇ ಅನ್ನುತ್ತಿದ್ದರು.

ಗೊಬ್ಬರ ನಿಲ್ಲಿಸಿದ್ದೇನೆ. ನೀರು ನೀನು ಹೇಳಿದ ಹಾಗೇ. ದೂರು ಬರೆದಾಗಿದೆ. ನಿನ್ನ ಕಾಗದ ಬಂದರೂ ಸರಿ, ಬರದಿದ್ದರೂ ಸರಿ.

ಅಕ್ಕ


ಆಗಸ್ಟ್ 1

ಭಾವ,

ನಿಮ್ಮ ನಿವೃತ್ತಿಯ ಹೊತ್ತಿಗೆ ನಾನು ಬರಲಿಲ್ಲ, ಒಂದು ಸಾಲೂ ಬರೆಯಲಿಲ್ಲ. ಈಗ ಬರೆಯುತ್ತಿರುವುದೂ ಸ್ವಾರ್ಥಕ್ಕೇ. ತಪ್ಪು ತಿಳಿಯಬೇಡಿ.

ಆರು ವರ್ಷ ಸರಿಯಾಗಿದ್ದ ಅಕ್ಕನ ಹಿತ್ತಲು ಈ ವರ್ಷ ಯಾಕೆ ಕೆಟ್ಟಿತು ಎಂದು ಹುಡುಕುತ್ತಿದ್ದೇನೆ. ಈ ವರ್ಷ ಮನೆಯಲ್ಲಿ ಏನು ಬದಲಾಗಿದೆ? ಗೊಬ್ಬರದ ಚೀಲಗಳಿರುವ ಗೂಡಿಗೆ ಅವಳನ್ನು ಬಿಟ್ಟು ಯಾರಾದರೂ ಹೋಗುತ್ತಾರೆಯೇ? ಗಡಿಯಾರದವರು ಈಚೆ ಬರುವುದುಂಟೇ? ನಿಮ್ಮ ಮೇಲೆ ನನಗೆ ಯಾವ ಅನುಮಾನವೂ ಇಲ್ಲ ಎಂದು ಬರೆಯಹೊರಟೆ. ಆದರೆ ಅನುಮಾನ ಹಾಗೆ ಆರಿಸಿ ಆರಿಸಿ ಹತ್ತುವುದಿಲ್ಲವಲ್ಲ. ಎಲ್ಲರ ಮೇಲೂ ಇದೆ, ನನ್ನ ಲೆಕ್ಕದ ಮೇಲೂ ಇದೆ.

ಅಕ್ಕನಿಗೆ ಈಗಲೇ ಹೇಳಬೇಡಿ.

ನಿಮ್ಮ ನಾದಿನಿ


ಆಗಸ್ಟ್ 5

ಪ್ರೀತಿಯ ನಾದಿನಿಗೆ,

ಪತ್ರ ಅಂದರೆ ನನಗೆ ಕೈಯೇ ಓಡುವುದಿಲ್ಲ. ಮೂವತ್ತು ವರ್ಷ "ಒಳಗ್ ಸರೀರಿ, ಒಳಗ್ ಸರೀರಿ" ಅಂತ ಕೂಗಿದವನು ನಾನು. ಬರೆದದ್ದು ಬರೀ ಟಿಕೆಟ್ಟು.

ಗಡಿಯಾರದವರು ಈಚೆ ಬಂದಿಲ್ಲ. ಅವರಿಗೆ ಮಂಡಿನೋವು, ಬೇಲಿ ದಾಟುವುದಿರಲಿ, ತಮ್ಮ ಮನೆ ಮೆಟ್ಟಿಲು ಹತ್ತುವುದಕ್ಕೇ ನಾಲ್ಕು ಸಲ ನಿಲ್ಲುತ್ತಾರೆ. ನಿನ್ನ ಅಕ್ಕನ ಮುಂದೆ ಇದನ್ನು ಹೇಳಿದರೆ "ಅದು ನಾಟಕ" ಅನ್ನುತ್ತಾಳೆ.

ಮನೆಯಲ್ಲಿ ಬದಲಾಗಿದ್ದು ಏನು ಅಂದೆ. ನಾನೇ! ಏಪ್ರಿಲ್‌ನಿಂದ ಬಟ್ಟೆ ಒಗೆಯುವ ಖಾತೆ ನನ್ನದು. ಅವಳಿಗೆ ಪಾಳಿ ಮುಗಿಸಿ ಬಂದು ಹೊದಿಕೆ ಹಿಂಡುವ ಕಷ್ಟ ಯಾಕೆ ಅಂತ ನಾನೇ ಕೇಳಿ ವಹಿಸಿಕೊಂಡೆ. ನಾನು ಒಣಹಾಕಿದ ಹೊದಿಕೆ ನೋಡಬೇಕು ನೀನು, ಒಂದು ಸುಕ್ಕಿಲ್ಲ. ಆದರೆ ಈ ಮನೆಯಲ್ಲಿ ಕ್ಲಿಪ್ಪಿಗೇ ಬರ. ಗಟ್ಟಿ ಕ್ಲಿಪ್ಪುಗಳನ್ನೆಲ್ಲ ನಿನ್ನ ಅಕ್ಕ ಗೊಬ್ಬರದ ಚೀಲಕ್ಕೆ ಸಿಕ್ಕಿಸಿ ಹಾಳು ಮಾಡುತ್ತಾಳೆ. ಕೇಳಿದರೆ ಜಗಳ. ಹಾಗಾಗಿ ಅವಳು ಡ್ಯೂಟಿಗೆ ಹೋದಾಗ ಸದ್ದಿಲ್ಲದೆ ತಂದು, ತೊಳೆದು, ಬಟ್ಟೆಗೆ ಹಾಕುತ್ತೇನೆ. ಚೀಲದ ಬಾಯಿ ಬಿಚ್ಚಿಕೊಳ್ಳದಿರಲಿ ಅಂತ ಮಡಚಿಯೇ ಇಟ್ಟು ಬರುತ್ತೇನೆ, ಬಟ್ಟೆ ಒಣಗಿದ ಮೇಲೆ ಕ್ಲಿಪ್ಪನ್ನು ಗೂಡಿನಲ್ಲೇ ವಾಪಸು ಇಡುತ್ತೇನೆ. ಅವಳಿಗೆ ಇದುವರೆಗೂ ಗೊತ್ತಾಗಿಲ್ಲ!

ಗೂಡಿಗೆ ನಾನು ಹೋಗುವುದು ಅಷ್ಟಕ್ಕೇ. ಗೊಬ್ಬರ ಮುಟ್ಟಿಲ್ಲ. ಅನುಮಾನ ಇದ್ದರೆ ಬಂದು ತಪಾಸಣೆ ಮಾಡು.

ನಿನ್ನ ಭಾವ


ಆಗಸ್ಟ್ 7

ಅಕ್ಕ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ದಯವಿಟ್ಟು ದೂರು ಕೊಡುವ ಮೊದಲು ಓದು.

ಗಡಿಯಾರದವರು ಏನೂ ಮಾಡಿಲ್ಲ. ಭಾವ ಏಪ್ರಿಲ್‌ನಿಂದ ಬಟ್ಟೆ ಒಣಹಾಕಲು ನಿನ್ನ ಚೀಲಗಳ ಕ್ಲಿಪ್ಪನ್ನು ಕಳಚಿ ಒಯ್ಯುತ್ತಿದ್ದಾರೆ. ಅದು ನಿನ್ನ ಗುರುತು ಎಂದು ಅವರಿಗೆ ಗೊತ್ತಿಲ್ಲ. ಸೋಮವಾರ ನೀನು ಪೊಟ್ಯಾಶ್ ಹಾಕಿ ಕ್ಲಿಪ್ಪು ಸಿಕ್ಕಿಸುತ್ತೀಯ. ಮಂಗಳವಾರ ಅವರು ಹೊದಿಕೆ ಒಗೆಯುತ್ತಾರೆ. ಬುಧವಾರ ಪಾಳಿ ಮುಗಿಸಿ ಬಂದವಳು ಕ್ಲಿಪ್ಪಿಲ್ಲದ ಚೀಲ ನೋಡುತ್ತೀಯ. ಹಾಕಿದ್ದೆನಲ್ಲ ಎಂದು ಒಂದೆರಡು ಸಲವಾದರೂ ನಿನಗೆ ಅನಿಸಿರಬೇಕು. ಆದರೆ ನೀನು ನಿನ್ನ ನೆನಪನ್ನು ನಂಬುವವಳಲ್ಲ, ಗುರುತನ್ನು ನಂಬುವವಳು. ಬೇರೆ ಯಾರಾದರೂ ಆಗಿದ್ದರೆ ಈ ತಪ್ಪು ನಡೆಯುತ್ತಲೇ ಇರಲಿಲ್ಲ. ನಿನ್ನಷ್ಟು ಕಟ್ಟುನಿಟ್ಟಾದವರ ಮನೆಯಲ್ಲಿ ಮಾತ್ರ ನಡೆಯುವ ತಪ್ಪು ಇದು.

ನಿನ್ನದು ತಪ್ಪಲ್ಲ. ಖಾಲಿ ಗುರುತು ನೋಡಿ ಕೊಟ್ಟಿದ್ದೀಯ. ನಿಯಮ ಸರಿಯಾಗಿಯೇ ಇತ್ತು. ಗುರುತನ್ನು ಕೆಡಿಸಿದವರು ಬೇರೆ.

ಭಾವನನ್ನು ಬೈಯಬೇಡ. ಅವರು ಹೊದಿಕೆಗಳ ಬಗ್ಗೆ ಬರೆದ ಸಂಭ್ರಮ ನೋಡಿದ್ದರೆ ನಿನಗೂ ನಗು ಬರುತ್ತಿತ್ತು. ಮುದ್ರೆಯ ಕಾಗದ ಕಳಿಸುತ್ತಿಲ್ಲ.

ನಿನ್ನ ತಂಗಿ


ಅಕ್ಟೋಬರ್ 6

ಗುಬ್ಬಿ,

ಎರಡು ತಿಂಗಳಿಂದ ಬರೆಯದೆ ಸುಮ್ಮನಿದ್ದೆ. ನಡುವೆ ಕಳಿಸಿದ ಮಣ್ಣಿನ ಪೊಟ್ಟಣದಲ್ಲೂ ಚೀಟಿ ಇಡಲಿಲ್ಲ. ನೀನು ಅಂಕಿಗಳನ್ನು ಮಾತ್ರ ಬರೆದು ಕಳಿಸಿದೆ. ಒಳ್ಳೆಯದೇ ಆಯಿತು.

ನಿನ್ನ ಪತ್ರವನ್ನು ಹಿತ್ತಲಲ್ಲಿ ನಿಂತೇ ಓದಿದೆ. ತಲೆ ಎತ್ತಿದರೆ ಎದುರಿಗೇ ತಂತಿ, ತಂತಿಯ ಮೇಲೆ ಹೊದಿಕೆ, ಹೊದಿಕೆಯ ಮೇಲೆ ನನ್ನ ಮೂರು ಕ್ಲಿಪ್ಪು. ಒಂದರ ಸಂದಿಯಲ್ಲಿ ಇನ್ನೂ ಗೊಬ್ಬರದ ಪುಡಿ ಇತ್ತು, ಪೂರ್ತಿ ತೊಳೆದಿರಲಿಲ್ಲ. ನಿನ್ನ ಭಾವನನ್ನು ಕರೆದು ತೋರಿಸಿದೆ. "ಅಯ್ಯೋ, ಕ್ಲಿಪ್ಪು ಇರೋದು ಬಟ್ಟೆಗೆ ಅಂತ ಅಂದ್ಕೊಂಡಿದ್ದೆ ಕಣೇ!" ಅಂದರು. ಆ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ. ಆಮೇಲೆ ಬಂತು, ಎರಡು ದಿನ ಬೈದೆ.

ಆದರೆ ನಿನ್ನ ಪತ್ರ ಒಂದು ದಿನ ತಡವಾಗಿತ್ತು. ದೂರು ಹಿಂದಿನ ದಿನವೇ ಕೊಟ್ಟುಬಿಟ್ಟಿದ್ದೆ. ವಾಪಸು ಕೇಳಲು ಹೋದರೆ ಕಾರ್ಯದರ್ಶಿ, "ಅವರಿಗೆ ಆಗಲೇ ಓದಿಸಿಯಾಯ್ತಲ್ಲ ಮೇಡಂ" ಅಂದ. ಅಲ್ಲಿಂದ ನೇರ ಗಡಿಯಾರದಂಗಡಿಗೆ ಹೋದೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾವುದೋ ಕೈಗಡಿಯಾರ ಬಿಚ್ಚುತ್ತಿದ್ದರು. ಹೇಳಬೇಕಾದ್ದೆಲ್ಲ ಹೇಳಿದೆ. ತಲೆ ಎತ್ತಲಿಲ್ಲ. "ಒಂಬತ್ತು ವರ್ಷ, ಸಿಸ್ಟರ್" ಅಂದರು, ಅಷ್ಟೇ. ಆಮೇಲೆ ಬೇಲಿ ಮೇಲೆ ನಗುವುದೂ ನಿಂತಿತು. ಹಿಡಿಸುವುದಿಲ್ಲ ಅಂದಿದ್ದೆನಲ್ಲ ಆ ನಗು, ಎರಡು ತಿಂಗಳು ಅದನ್ನೇ ಕಾದೆ.

ತೂಕದ ದಿನ ಬೆಳಿಗ್ಗೆ ನಾವು ಕಾಯಿಯ ಸುತ್ತ ಟಾರ್ಪಾಲು ಹಿಡಿದು ನಿಂತಿದ್ದೆವು. ಕುಂಟುತ್ತಾ ಬಂದರು. "ಎತ್ತೋಕೆ ಆರ್ ಜನ ಬೇಕು, ನೀವು ಐದೇ ಜನ ಇದೀರಿ" ಅಂತ ಒಂದು ಮೂಲೆ ಹಿಡಿದರು. ನೂರ ತೊಂಬತ್ತೇಳು ಕಿಲೋ ಬಂತು. ಅವರದು ಇನ್ನೂರ ಇಪ್ಪತ್ತಾರು. ಬಿರಿಯದೆ ಉಳಿದಿದ್ದೇ ನಿನ್ನಿಂದ.

ಇದಿಷ್ಟೇ ಆಗಿದ್ದರೆ ನಗುತ್ತಾ ಮುಗಿಸುತ್ತಿದ್ದೆ. ಆದರೆ ನಿನ್ನ ಪತ್ರದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. "ಖಾಲಿ ಗುರುತು ನೋಡಿ ಕೊಟ್ಟಿದ್ದೀಯ."

ಅಮ್ಮನ ಮಾತ್ರೆ ಪುಸ್ತಕ ಬೀರುವಿನಿಂದ ತೆಗೆದೆ. ಅಮ್ಮನಿಗೆ ಹಾಗಾದ ದಿನ ಬೆಳಿಗ್ಗೆ ನಾನು ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದೆ. ಬೆಳಗಿನ ಮಾತ್ರೆಯ ಜಾಗ ಖಾಲಿ ಇತ್ತು. ಕೊಟ್ಟೆ. ಎಂಟು ಗಂಟೆ ಹತ್ತು ನಿಮಿಷ ಅಂತ ಬರೆದು ಸಹಿ ಮಾಡಿದೆ. ಮಧ್ಯಾಹ್ನ ಅಮ್ಮ ಎಚ್ಚರ ತಪ್ಪಿದಳು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು, ಹೋದಳು. ಹೃದಯವೇ ಸೋತಿತ್ತು ಅಂದರು ಡಾಕ್ಟರು. ಮಾತ್ರೆಯಿಂದ ಅಂತ ಅವರು ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ಆ ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ನೀನು ಕೇಳಿದೆ, "ಅಕ್ಕ, ಮಾತ್ರೆ ಎರಡು ಸಲ ಆಯ್ತಾ?" ನಾನು ಎದ್ದು ಹೋದೆ. ನನ್ನ ಕೆಲಸದ ಮೇಲೆ, ಅದೂ ಅಮ್ಮನ ವಿಷಯದಲ್ಲಿ, ನೀನು ಅನುಮಾನ ಪಟ್ಟೆ ಅಂತ. ಆಮೇಲೆ ನಾಲ್ಕು ವರ್ಷ ನನ್ನ ಮೇಲೆ ನಾನೇ ಅನುಮಾನ ಪಟ್ಟೆ. ಪಾಳಿಗೆ ಹೋಗುವ ಮೊದಲೇ ಕೊಟ್ಟಿದ್ದೆನೇನೋ, ನಿದ್ದೆಗಣ್ಣಿನಲ್ಲಿ ಏನು ಮಾಡಿದೆನೋ ಅಂತ.

ಈಗ ಬೇರೆ ಅನುಮಾನ ಬಂದಿದೆ. ಯಾರ ತಲೆಗಾದರೂ ಹೊಳೆಯುವ ಮೊದಲ ಪ್ರಶ್ನೆ "ಮಾತ್ರೆ ಕೊಟ್ಟಿದ್ದೀಯಾ?" ಅಂತ. ನೀನು ಹಾಗೆ ಕೇಳಲಿಲ್ಲ. ಎರಡು ಅನ್ನುವ ಲೆಕ್ಕ ನಿನಗೆ ಎಲ್ಲಿಂದ ಬಂತು, ಗುಬ್ಬಿ? ಆ ವಾರ ರಜೆಗೆ ಬಂದು ಅಮ್ಮನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದವಳು ನೀನು.

ಉತ್ತರ ಬರೆ.

ಅಕ್ಕ


ಅಕ್ಟೋಬರ್ 11

ಅಕ್ಕ,

ಏಳು ಗಂಟೆಗೆ ಅಮ್ಮ ಗೋಡೆ ತಟ್ಟಿ ಕರೆದಳು. ಮಾತ್ರೆ ಕೇಳಿದಳು. "ಅಕ್ಕ ಬಂದು ಕೊಡ್ತಾಳೆ ಇರಮ್ಮ" ಅಂದೆ. "ಅವಳು ರಾತ್ರಿಯೆಲ್ಲ ನಿಂತು ಬರ್ತಾಳೆ, ನೀನೇ ಕೊಡು, ನಿನಗೇನು ಕೈಯಿಲ್ವಾ" ಅಂದಳು. ಕೊಟ್ಟೆ. ಪುಸ್ತಕ ಕಿಟಕಿಯ ಮೇಲಿತ್ತು, ಪೆನ್ನು ಅದರ ದಾರಕ್ಕೇ ಕಟ್ಟಿತ್ತು. ನೀನು ಬಂದಾಗ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡು ಮತ್ತೆ ಮಲಗಿದೆ. ಎದ್ದಾಗ ಒಂಬತ್ತೂವರೆ. ನೀನು ನಿದ್ದೆ ಹೋಗಿದ್ದೆ. ಪುಸ್ತಕದಲ್ಲಿ ನಿನ್ನ ಸಹಿ ಇತ್ತು.

ಆಗಲೇ ನಿನ್ನನ್ನು ಎಬ್ಬಿಸಬೇಕಿತ್ತು. ಅಮ್ಮ ಆರಾಮಾಗಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಏನೂ ಆಗಲಾರದು ಎಂದುಕೊಂಡೆ.

ಬೆಂಚಿನ ಮೇಲೆ ನಾನು ಕೇಳಿದ್ದು ಪ್ರಶ್ನೆಯೇ ಅಲ್ಲ. ಹೇಳಬೇಕೆಂದು ಬಾಯಿ ತೆರೆದೆ, ಹೊರಗೆ ಬರುವಷ್ಟರಲ್ಲಿ ಅದು ನಿನ್ನ ಕಡೆ ತಿರುಗಿತ್ತು. ನೀನು ನನ್ನ ಮುಖ ನೋಡಿ ಎದ್ದು ಹೋದೆ. ಹಿಂದೆಯೇ ಓಡಿ ಬರಬಹುದಿತ್ತು. ಆ ದಿನ ಬರಲಿಲ್ಲ, ಮರುದಿನ ಇನ್ನೂ ಕಷ್ಟವಾಯಿತು, ಆಮೇಲೆ ನಿನ್ನ ಸಿಟ್ಟೇ ನನಗೆ ಅನುಕೂಲವಾಯಿತು. ಡಾಕ್ಟರಿಗೂ ಹೇಳಲಿಲ್ಲ. ನಿನ್ನ ಮನೆಯಲ್ಲಿ ಗುರುತು ಕೆಡಿಸಿದ ಮೊದಲನೆಯವರು ಭಾವನಲ್ಲ.

ಇದನ್ನು ಬರೆದರೆ ಹಗುರವಾಗಬಹುದು ಎಂದುಕೊಂಡಿದ್ದೆ. ಆಗಿಲ್ಲ. ಆಗಬೇಕೆಂದು ಬಯಸುವುದೂ ಸರಿಯಲ್ಲವೇನೋ.

ಶನಿವಾರ ಹತ್ತೂವರೆಯ ಬಸ್ಸಿಗೆ ಬರುತ್ತಿದ್ದೇನೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಸೇರಿದ್ದು. ತೆರೆದರೆ, ಆ ಪುಸ್ತಕ ಕೊಡು. ಎಂಟು ಹತ್ತರ ಸಾಲಿನ ಮೇಲೆ ಒಂದಿಷ್ಟು ಜಾಗ ಇರುತ್ತದೆ. ಅಲ್ಲಿ ಏಳು ಗಂಟೆ ಎಂದು ಬರೆದು ಸಹಿ ಹಾಕಬೇಕು.

ಗುಬ್ಬಿ